ಸೊಟ್ಟ ಕಾಲಿಗೆ ರಿಂಗ್ ಹಾಕಿದ್ದು: ತ್ರೈರಾಶಿ ತಪ್ಪಿ ಕಲಿತ ಪಾಠ

ಟ್ರ್ಯಾಕ್ಟರ್ ಮಗುಚಿ ಕಣಕಾಲಿನ ಎರಡೂ ಮೂಳೆ ಮುರಿದಿದ್ದವು. ಬಿದಿರು ದಬ್ಬೆ ಕಟ್ಟಿಸಿಕೊಂಡು ಎರಡು ವರ್ಷ ಹಾಗೇ ಓಡಾಡಿದ ಹುಡುಗ ನನ್ನ ಹತ್ತಿರ ಬಂದಾಗ ಟಿಬಿಯಾದ, ಅಂದರೆ ಕಣಕಾಲಿನ ದಪ್ಪ ಮೂಳೆಯ, ಕೆಳತುಂಡು ಸುಮಾರು 25 ಡಿಗ್ರಿ ಒಳಕ್ಕೆ ವಾಲಿ ಕೂಡಿಕೊಂಡಿತ್ತು. ಕಾಲು ಮೂರೂವರೆ ಸೆಂ.ಮೀ. ಗಿಡ್ಡ.

"ಕೊಯ್ದು ನೆಟ್ಟಗೆ ಮಾಡಿ ಪ್ಲೇಟ್ ಹಾಕು, ಇಲಿಜರೋವ್ ಎಲ್ಲ ನಿನ್ನಂಥ ಒಂಟಿ ಡಾಕ್ಟರಿಗಲ್ಲ" ಅಂದರು ಹಿರಿಯ ಡಾಕ್ಟರುಗಳು. ಇಲಿಜರೋವ್ ಅಂದರೆ ಕಾಲಿನ ಸುತ್ತ ರಿಂಗ್ ಕಟ್ಟಿ, ವೈರ್‌ಗಳಿಂದ ಮೂಳೆ ಹಿಡಿದು, ಕೊಯ್ದ ಜಾಗವನ್ನು ದಿನಾ ಸ್ವಲ್ಪ ಸ್ವಲ್ಪವೇ ತೆರೆದು ನೆಟ್ಟಗೆ, ಉದ್ದಕ್ಕೆ ಮಾಡುವ ಫ್ರೇಮು. ಕಾಲಿನ ಮುಂಭಾಗದ ಚರ್ಮ ಮೂಳೆಗೇ ಅಂಟಿತ್ತು. ಅದರ ಕೆಳಗೆ ಪ್ಲೇಟ್ ಹಾಕಿದ್ದರೆ ಗಾಯ ಬಾಯಿ ಬಿಡುತ್ತಿತ್ತು, ಗಿಡ್ಡತನವಂತೂ ಹಾಗೇ ಉಳಿಯುತ್ತಿತ್ತು. ಸೈಬೀರಿಯಾದ ಕುರ್ಗಾನ್‌ನಲ್ಲಿ ಡಾಕ್ಟರ್ ಇಲಿಜರೋವ್ 1950ರ ದಶಕದಲ್ಲೇ ಮಾಡಿದ್ದು ನಮ್ಮ ತಾಲ್ಲೂಕಲ್ಲಿ ಯಾಕಾಗಬಾರದು ಅಂತ ಹಟ ಹಿಡಿದೆ.

ಫ್ರೇಮಿಗೆ ಹದಿನೆಂಟೋ ಇಪ್ಪತ್ತೋ ಸಾವಿರ ಆಯಿತು. ಹುಡುಗನ ಅಪ್ಪ ಒಂದು ಎತ್ತು ಮಾರಿದ.

ಎಕ್ಸ್‌ರೇ ಮೇಲೆ ಬಟರ್ ಪೇಪರ್ ಇಟ್ಟು ಮೂಳೆ ಬರೆದುಕೊಂಡೆ. ಸೊಟ್ಟ ಇರುವಲ್ಲಿ ಕತ್ತರಿಸಿ, ಗುಂಡುಸೂಜಿ ಚುಚ್ಚಿ ಕಾಗದ ತಿರುಗಿಸಿ ನೋಡಿದೆ. ಸೂಜಿ ನಿಂತಲ್ಲೇ ಹಿಂಜ್, ಅಂದರೆ ಫ್ರೇಮ್ ತಿರುಗುವ ಕೀಲು. ಆಪರೇಷನ್ ಟೇಬಲ್ ಮೇಲೆ ಆ ಬಿಂದುವನ್ನು ಸಿ-ಆರ್ಮ್ (ಅಲ್ಲೇ ಎಕ್ಸ್‌ರೇ ತೋರಿಸುವ ಯಂತ್ರ) ಇಲ್ಲದೆ ಹೇಗೆ ಹಿಡಿದೆ ಅನ್ನೋದು ಸದ್ಯ ನನ್ನಲ್ಲೇ ಇರಲಿ.

ಆದರೂ ಎಡವಿದೆ. ಮೂಳೆ ಕೊಯ್ದು ಫ್ರೇಮ್ ಕಟ್ಟಿ ಏಳು ದಿನ ಕಾದು, ಪುಸ್ತಕ ಹೇಳಿದಂತೆ ದಿನಕ್ಕೆ 1 ಮಿ.ಮೀ., ರಿಂಗ್‌ಗಳನ್ನು ದೂರ ತಳ್ಳುವ ರಾಡಿನ ನಟ್ಟನ್ನು ನಾಲ್ಕು ಸಲ ಕಾಲು ಕಾಲು ಸುತ್ತು ತಿರುಗಿಸಿದೆ. ಮೂರನೇ ವಾರ ನಟ್ ಅಲುಗಲೇ ಇಲ್ಲ, ವೈರ್‌ಗಳು ಬಿಲ್ಲಿನಂತೆ ಬಾಗಿದವು. ಎಕ್ಸ್‌ರೇಯಲ್ಲಿ ಮೂಳೆ ಆಗಲೇ ಬೆಸೆದುಕೊಂಡಿತ್ತು. ಹಿಂಜಿನಿಂದ ಮೂಳೆಯ ಒಳಬದಿಯ ಗೋಡೆಗೆ 3 ಸೆಂ.ಮೀ., ರಾಡಿಗೆ 9. ನಾನು ರಾಡಿಗೆ ಕೊಟ್ಟ 1 ಮಿ.ಮೀ.ನಲ್ಲಿ ಮೂಳೆಗೆ ಸಿಕ್ಕಿದ್ದು ಮೂರನೇ ಒಂದು ಭಾಗ! ಅಷ್ಟು ನಿಧಾನವಾಗಿ ತೆರೆದದ್ದಕ್ಕೇ ಬೆಸೆದುಕೊಂಡಿತ್ತು. ಶಾಲೆಯ ತ್ರೈರಾಶಿ. ಆ ರಾತ್ರಿ ಊಟ ಸೇರಲಿಲ್ಲ. ಮತ್ತೆ ಮೂಳೆ ಕೊಯ್ದೆ, ಅರಿವಳಿಕೆಯವರ ಫೀಸೂ ನನ್ನ ಜೇಬಿನಿಂದಲೇ. ಈ ಸಲ ರಾಡಿಗೆ ದಿನಕ್ಕೆ 3 ಮಿ.ಮೀ. ಯಾವ ನಟ್ ಯಾವ ಕಡೆಗೆ ಅಂತ ಅವನ ತಂಗಿಯ ನೇಲ್ ಪಾಲಿಶ್‌ನಲ್ಲೇ ಗುರುತು ಹಾಕಿಸಿದೆ. ಹದಿನೈದು ದಿನದಲ್ಲಿ ಕಾಲು ನೆಟ್ಟಗಾಯಿತು, ಆಮೇಲೆ ಉದ್ದಕ್ಕೆ ಎಳೆದೆವು.

ಎರಡು ಸಾವಿರ ಉಳಿಸಲು, ಪಾದವನ್ನು ನೆಟ್ಟಗೆ ಹಿಡಿದಿಡುವ ಪಾದದ ರಿಂಗ್ ಬಿಟ್ಟಿದ್ದು ಇನ್ನೊಂದು ದಡ್ಡತನ. ಎಳೆತಕ್ಕೆ ಹಿಂಬದಿಯ ಸ್ನಾಯು ಬಿಗಿದು ಎರಡನೇ ತಿಂಗಳಿಗೆ ಹಿಮ್ಮಡಿ ನೆಲ ಬಿಟ್ಟಿತು. ಹವಾಯಿ ಚಪ್ಪಲಿಗೆ ಸೈಕಲ್ ಟ್ಯೂಬ್ ಬಿಗಿದು ಫ್ರೇಮಿಗೆ ಎಳೆದು ಕಟ್ಟಿದೆ, ಅರ್ಧ ಇಳಿಯಿತು. ಉಳಿದದ್ದಕ್ಕೆ ಆ ರಿಂಗನ್ನೇ ತರಿಸಬೇಕಾಯಿತು.

ಮಧ್ಯೆ ಒಂದು ಪ್ರಯೋಗ: ವೈರ್ ಬುಡಕ್ಕೆ ಒಂದು ಕಡೆ ಬೇವಿನ ಕಷಾಯ, ಇನ್ನೊಂದು ಕಡೆ ಕುದಿಸಿ ಆರಿಸಿದ ಉಪ್ಪುನೀರು. ನನಗೆ ವ್ಯತ್ಯಾಸವೇ ಕಾಣಲಿಲ್ಲ. ಕೀವು ತುಂಬಿದ್ದೆಲ್ಲ ನಾನು ಅವಸರದಲ್ಲಿ ಒಂದೇ ಉಸಿರಿಗೆ ಡ್ರಿಲ್ ಮಾಡಿ ಮೂಳೆ ಸುಟ್ಟ ಜಾಗಗಳು. ಈಗ ನಿಲ್ಲಿಸಿ ನಿಲ್ಲಿಸಿ, ಸಲೈನ್ ಬಿಡುತ್ತಾ ತೂರಿಸುತ್ತೇನೆ.

ಫ್ರೇಮ್ ಒಟ್ಟು ಎಂಟು ತಿಂಗಳ ಹತ್ತಿರ ಇತ್ತು. ತೆಗೆದ ಮೇಲೆ ಅಳೆದರೆ ನಾಲ್ಕೈದು ಮಿ.ಮೀ. ಕಡಿಮೆ, ಕೋನ ಮೂರು ಡಿಗ್ರಿ ಬಾಕಿ. ಅವನಿಗೆ ಅದು ಗೊತ್ತೇ ಆಗಲ್ಲ, ನನಗೆ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಪ್ಲೇಟ್ ಹಾಕು ಅಂದ ಹಿರಿಯರೊಬ್ಬರು ಫಿಲಂ ನೋಡಿ, "ರಿಂಗ್ ಎಲ್ಲಿ ತರಿಸಿದೆ?" ಅಂತಷ್ಟೇ ಕೇಳಿದರು.

ಅವೇ ರಿಂಗ್‌ಗಳನ್ನು ತೊಳೆಸಿ, ಆಟೋಕ್ಲೇವ್ ಮಾಡಿಸಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದು) ಇಟ್ಟಿದ್ದೇನೆ. ಮುಂದಿನ ವಾರ ಇನ್ನೊಬ್ಬನಿದ್ದಾನೆ, ಸೊಟ್ಟ ಈ ಸಲ ಹೊರಕ್ಕೆ. ವೈರ್ ಮಾತ್ರ ಹೊಸದು, ಪಾದದ ರಿಂಗ್ ಮೊದಲ ದಿನದಿಂದಲೇ.