ಅಜ್ಜ ಹಾರಿದ ಬಾಂಬರ್ ಯಾವುದು? ಅಕ್ಷರ ನಂಬಬೇಡಿ, ನಂಬರು ಹಿಡಿಯಿರಿ

ಟ್ರಂಕಿನ ತಳದಲ್ಲಿ ಒಂದು ಫೋಟೋ ಸಿಕ್ಕಿದೆ ಅಂದುಕೊಳ್ಳಿ. ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್, ನಾಲ್ಕು ಎಂಜಿನ್ನಿನ ಲ್ಯಾಂಕಾಸ್ಟರ್, ರೆಕ್ಕೆಯ ಕೆಳಗೆ ಏಳು ಹುಡುಗರು. ಅವರಲ್ಲೊಬ್ಬರು ನಿಮ್ಮ ಮುತ್ತಜ್ಜ, ಇಲ್ಲವೇ ಇಂಗ್ಲೆಂಡಿನಲ್ಲಿ ನೆಲೆಸಿದ ಮಗಳ ಗಂಡನ ಕಡೆಯ ಹಿರಿಯರು. ಬಹಳಷ್ಟು ಜನ ವಿಮಾನದ ಮೈಮೇಲಿನ ದೊಡ್ಡ ಅಕ್ಷರಗಳನ್ನು ನೋಡಿ ಹುಡುಕಲು ಕೂರುತ್ತಾರೆ. ದಾರಿ ತಪ್ಪುವುದು ಅಲ್ಲೇ.

ಆ ಮೂರು ಅಕ್ಷರಗಳಲ್ಲಿ ಒಂದು ಬದಿಯ ಜೋಡಿ ಸ್ಕ್ವಾಡ್ರನ್ನಿನದು (ವಾಯುಪಡೆಯ ತುಕಡಿ), ಇನ್ನೊಂದು ಬದಿಯ ಒಂಟಿ ಅಕ್ಷರ ವಿಮಾನದ್ದು. ಅವು ಬಾಡಿಗೆ ಮನೆಯ ಬಾಗಿಲ ನಂಬರಿದ್ದಂತೆ, ಮನೆ ಬದಲಾದರೆ ನಂಬರೂ ಬದಲು. ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಮ್ಮಿನ ಲ್ಯಾಂಕಾಸ್ಟರ್ ಆರ್5868 ಮೊದಲು 83ನೇ ಸ್ಕ್ವಾಡ್ರನ್ನಿನಲ್ಲಿ ಓಎಲ್-ಕ್ಯೂ ಆಗಿತ್ತು. ಆಸ್ಟ್ರೇಲಿಯದ 467ನೇ ಸ್ಕ್ವಾಡ್ರನ್ನಿಗೆ ಹೋದ ಮೇಲೆ ಪಿಓ-ಎಸ್ ಆಯಿತು. ವಿಮಾನ ಒಂದೇ, ಹೆಸರು ಎರಡು. ಇದರ ತಿರುವುಮುರುವೂ ನಡೆಯುತ್ತಿತ್ತು: ಒಂದು ವಿಮಾನ ಮರಳಿ ಬಾರದಿದ್ದರೆ, ಅದರ ಜಾಗಕ್ಕೆ ಬಂದ ಹೊಸ ವಿಮಾನಕ್ಕೆ ಅದೇ ಅಕ್ಷರ ಬಳಿಯುತ್ತಿದ್ದರು. ಬಾಲದ ಹತ್ತಿರ ಸಣ್ಣದಾಗಿ ಬರೆದಿರುವ ಸೀರಿಯಲ್ ನಂಬರೊಂದೇ ಕಾರ್ಖಾನೆಯಿಂದ ಗುಜರಿಯವರೆಗೆ ಬದಲಾಗದ ಗುರುತು.

ಇನ್ನೊಂದು ಮಾತು. ಸಿಬ್ಬಂದಿಯ ಒಂದು ಸರದಿ (‘ಟೂರ್’) ಎಂದರೆ ಸಾಮಾನ್ಯವಾಗಿ 30 ದಾಳಿ, ಅದನ್ನು ಒಂದೇ ವಿಮಾನದಲ್ಲಿ ಮುಗಿಸಿದವರು ಕಡಿಮೆ. ಆ ರಾತ್ರಿ ಯಾವುದು ರಿಪೇರಿಯಾಗಿ ಸಿದ್ಧವಿದೆಯೋ ಅದನ್ನು ಹತ್ತುತ್ತಿದ್ದರು. ಆದ್ದರಿಂದ ‘ಅಜ್ಜನ ವಿಮಾನ’ ಎಂಬುದು ನಿಜಕ್ಕೂ ಒಂದು ಪಟ್ಟಿ. ಹೆಚ್ಚು ಕಡಿಮೆ ಬದಲಾಗದೆ ಉಳಿಯುತ್ತಿದ್ದುದು ಜೊತೆಗಿದ್ದ ಆ ಆರು ಜನ. ಹುಡುಕಾಟವನ್ನು ಮನುಷ್ಯರಿಂದಲೇ ಶುರು ಮಾಡಿ.

ಮೊದಲು ಬೇಕಾದ್ದು ಸೇವಾ ಸಂಖ್ಯೆ. ಬರೀ ಹೆಸರು ಹಿಡಿದು ಹೋದರೆ ಸ್ಮಿತ್, ಜೋನ್ಸ್‌ಗಳ ಕಾಡಿನಲ್ಲಿ ಕಳೆದುಹೋಗುತ್ತೀರಿ. ಪದಕದ ಪೆಟ್ಟಿಗೆ, ಪೇಬುಕ್, ಟೆಲಿಗ್ರಾಂ, ಕಾಗದಗಳ ಮೇಲೆ ನೋಡಿ. ಎಲ್ಲೂ ಸಿಗದಿದ್ದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಏರ್ 78 ಸರಣಿಯಲ್ಲಿ ವಾಯುಪಡೆಯವರ ಹೆಸರು ಮತ್ತು ಸಂಖ್ಯೆಯ ಸೂಚಿಯಿದೆ. ಸಾರ್ಜೆಂಟ್ ಆಗಿದ್ದವರು ಅಧಿಕಾರಿಯಾದರೆ ಹೊಸ ಸಂಖ್ಯೆ ಕೊಡುತ್ತಿದ್ದರು, ಅಂದರೆ ಒಬ್ಬರಿಗೇ ಎರಡು. ಎರಡನ್ನೂ ಜೋಡಿಸಿ ತೋರಿಸುವುದು ಸರ್ಕಾರಿ ಪ್ರಕಟಣೆಗಳ ಪತ್ರಿಕೆಯಾದ ಲಂಡನ್ ಗೆಜೆಟ್: ಹಳೆಯ ಸಂಖ್ಯೆ ಹೆಸರಿನ ಮುಂಚೆ, ಹೊಸದು ಹೆಸರಿನ ನಂತರ ಆವರಣದಲ್ಲಿ. ಆ ಪ್ರಕಟಣೆ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದುದರಿಂದ ಸ್ಕ್ವಾಡ್ರನ್ ಪುಸ್ತಕದಲ್ಲಿ ಸಾರ್ಜೆಂಟ್, ಸಮಾಧಿಯ ಕಲ್ಲಿನ ಮೇಲೆ ಪೈಲಟ್ ಆಫೀಸರ್ (ಇದು ಅಧಿಕಾರಿಯ ದರ್ಜೆ, ಕೆಲಸವಲ್ಲ) ಎಂದಿದ್ದರೆ ಬೇರೆ ವ್ಯಕ್ತಿ ಎಂದು ಕೈಬಿಡಬೇಡಿ.

ಫೋಟೋವನ್ನು ಈಗ ಭೂತಗನ್ನಡಿ ಹಿಡಿದು ನೋಡಿ. ಎದೆಯ ಮೇಲೆ ಎರಡು ರೆಕ್ಕೆಯಿದ್ದರೆ ಪೈಲಟ್. ಒಂಟಿ ರೆಕ್ಕೆಯಿದ್ದರೆ ಅದರ ಬುಡದ ಅಕ್ಷರ ಕೆಲಸವನ್ನು ಹೇಳುತ್ತದೆ: ಎನ್ ನ್ಯಾವಿಗೇಟರ್, ಬಿ ಬಾಂಬ್ ಏಮರ್, ಇ ಫ್ಲೈಟ್ ಎಂಜಿನಿಯರ್, ಎಜಿ ಗನ್ನರ್. ಆದರೆ ಎಜಿ ಧರಿಸಿದವರೆಲ್ಲ ಬರೀ ಗನ್ನರುಗಳಲ್ಲ. ವೈರ್‌ಲೆಸ್ ಆಪರೇಟರುಗಳಿಗೂ ಮೊದಲು ಅದೇ ರೆಕ್ಕೆಯಿತ್ತು, 1944ರಲ್ಲಷ್ಟೇ ಅವರಿಗೆ ಎಸ್ ಬಂತು. ತೋಳಿನ ಮೇಲೆ ಮಿಂಚು ಹಿಡಿದ ಮುಷ್ಟಿಯ ಬಿಲ್ಲೆ ಕಂಡರೆ ಅವರು ವೈರ್‌ಲೆಸ್‌ನವರು.

ಮನೆಯಲ್ಲಿ ಲಾಗ್‌ಬುಕ್, ಅಂದರೆ ಅವರ ಹಾರಾಟಗಳ ದಾಖಲೆ ಪುಸ್ತಕ, ಉಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ತಾರೀಖು, ಹೊರಟ ಹೊತ್ತು, ವಿಮಾನದ ಮಾದರಿ ಮತ್ತು ಗುರುತು, ಪೈಲಟ್, ತನ್ನ ಕೆಲಸ, ಷರಾ, ಕೊನೆಗೆ ಹಗಲು ಮತ್ತು ರಾತ್ರಿಯ ಗಂಟೆಗಳು. ರಾತ್ರಿ ಹಾರಾಟವನ್ನು ಸಾಮಾನ್ಯವಾಗಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ‘ಆಪ್ಸ್’ ಎಂದರೆ ದಾಳಿ. ‘ಗಾರ್ಡನಿಂಗ್’ ಎಂದಿದ್ದರೆ ತೋಟದ ಕೆಲಸವಲ್ಲ, ಸಮುದ್ರದಲ್ಲಿ ಸಿಡಿಗುಂಡು (ಮೈನ್) ಹುದುಗಿಸುವುದು. ‘ನಿಕೆಲ್’ ಎಂದರೆ ಕರಪತ್ರ ಸುರಿಯುವುದು. ‘ಡಿಎನ್‌ಸಿಓ’ ಎಂದರೆ ಕೆಲಸ ಆಗಲಿಲ್ಲ. ವಿಮಾನದ ಕಾಲಂನಲ್ಲಿ ಎಷ್ಟೋ ಜನ ಸೀರಿಯಲ್ ನಂಬರ್ ಬಿಟ್ಟು ಬರೀ ‘ಎಸ್’ ಎಂದು ಬರೆದಿರುತ್ತಾರೆ. ಮನೆಗೆ ಬರೆದ ಕಾಗದದಲ್ಲಿ ಅದೇ ‘ಷುಗರ್’ ಆಗುತ್ತದೆ, ಏಕೆಂದರೆ ರೇಡಿಯೋದಲ್ಲಿ ಅಕ್ಷರಕ್ಕೊಂದು ಪದ ಹೇಳುವ ಆಗಿನ ಉಚ್ಚಾರದ ಪಟ್ಟಿ ಈಗಿನದಲ್ಲ.

ಆ ‘ಎಸ್’ಗೆ ಸೀರಿಯಲ್ ಕೊಡುವುದು ಸ್ಕ್ವಾಡ್ರನ್ನಿನ ಕಾರ್ಯಾಚರಣೆ ಪುಸ್ತಕ. ಅದು ನ್ಯಾಷನಲ್ ಆರ್ಕೈವ್ಸ್‌ನ ಏರ್ 27 ಸರಣಿಯಲ್ಲಿದೆ, ಅಂತರ್ಜಾಲದಲ್ಲೂ ನೋಡಬಹುದು. ಇದರಲ್ಲಿ ಎರಡು ಬಗೆಯ ಹಾಳೆಗಳಿವೆ. ಫಾರ್ಮ್ 540 ದಿನದ ಸಾರಾಂಶ: ಹವೆ, ಯಾರು ಬಂದರು, ಯಾರು ಹೋದರು. ಫಾರ್ಮ್ 541ರಲ್ಲಿ ಪ್ರತಿ ವಿಮಾನದ ಸೀರಿಯಲ್, ಸಿಬ್ಬಂದಿ, ಏರಿದ ಮತ್ತು ಇಳಿದ ಹೊತ್ತು, ದಾಳಿಯ ವಿವರ. ಎಷ್ಟೋ ಜನ 540 ಮಾತ್ರ ಇಳಿಸಿಕೊಂಡು ‘ಏನೂ ಸಿಗಲಿಲ್ಲ’ ಎಂದು ಕೈಚೆಲ್ಲುತ್ತಾರೆ. ನಿಮಗೆ ಬೇಕಾದ್ದು 541. ಮರಳದ ವಿಮಾನದ ಸಾಲಿನಲ್ಲಿ ಏರಿದ ಹೊತ್ತು ಇರುತ್ತದೆ, ಇಳಿದ ಹೊತ್ತಿನ ಜಾಗ ಖಾಲಿ. ಆ ಖಾಲಿ ಜಾಗವನ್ನು ನೋಡುವಾಗ ಎದೆ ಭಾರವಾಗುತ್ತದೆ, ಆದರೂ ಅದರ ಮೇಲಿನ ಕೆಳಗಿನ ಸಾಲುಗಳನ್ನು ಓದದೆ ಬಿಡಬೇಡಿ. ಅದೇ ರಾತ್ರಿ ಅದೇ ದಾರಿಯಲ್ಲಿ ಹೋಗಿ ಬಂದವರು ಕಂಡದ್ದು ಅಲ್ಲಿರುತ್ತದೆ.

ಈ ಪುಸ್ತಕವನ್ನೂ ಕುರುಡಾಗಿ ನಂಬುವಂತಿಲ್ಲ. ದಾಖಲೆ ಬೆರಳಚ್ಚು ಮಾಡಿದವರ ಕೈಯಲ್ಲಿ ಸೀರಿಯಲ್ಲಿನ ಮೊದಲ ಅಕ್ಷರಗಳು ತಪ್ಪಿ ಎನ್‌ಡಿ ಎನ್‌ಇ ಆಗಿದೆ, ಜೆಎ ಜೆಬಿ ಆಗಿದೆ. ಸಿಕ್ಕ ಸೀರಿಯಲ್ ಇನ್ನೊಂದು ಸ್ವತಂತ್ರ ಕಾಗದದಲ್ಲೂ ಸಿಗುವ ತನಕ ಪೆನ್ಸಿಲ್ಲಿನಲ್ಲೇ ಬರೆದಿಡಿ. ರಾತ್ರಿ ದಾಳಿಗೆ ಎರಡು ತಾರೀಖು: 1944ರ ಮಾರ್ಚ್ 30ರಂದು ನ್ಯೂರೆಂಬರ್ಗಿಗೆ ಹೊರಟು ಸತ್ತವರ ಮರಣದ ದಿನ ಒಂದು ಕಡೆ 30, ಇನ್ನೊಂದು ಕಡೆ 31 ಎಂದಿರಬಹುದು. ಎರಡೂ ದಿನ ಹುಡುಕಿ. ಹೊಸ ಪೈಲಟ್‌ಗಳನ್ನು ಮೊದಲು ಅನುಭವಿಗಳ ಜೊತೆ ಎರಡನೆಯವರಾಗಿ ಕಳಿಸುತ್ತಿದ್ದುದರಿಂದ ಅಜ್ಜನ ಹೆಸರು ಪರಿಚಯವೇ ಇಲ್ಲದ ಸಿಬ್ಬಂದಿಯ ನಡುವೆ ಕಂಡರೆ ಗಾಬರಿ ಬೇಡ. ಯುದ್ಧದ ಮೊದಲ ವರ್ಷಗಳ ಕೆಲವು ಪುಸ್ತಕಗಳಲ್ಲಿ ಕ್ಯಾಪ್ಟನ್ ಹೆಸರು ಬಿಟ್ಟರೆ ಬೇರೆ ಯಾರದೂ ಇರುವುದಿಲ್ಲ.

ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಮಡಿದರು. ನಿಮ್ಮವರು ಅವರಲ್ಲೊಬ್ಬರಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಸೇವಾ ಸಂಖ್ಯೆ ಹಾಕಿ. ಸಮಾಧಿಯ ಜಾಗ ಸಿಗುತ್ತದೆ, ಅನೇಕ ಸಲ ಸ್ಕ್ವಾಡ್ರನ್ ಕೂಡ. ಅದೇ ದಿನ, ಅದೇ ಸ್ಕ್ವಾಡ್ರನ್, ಅಕ್ಕಪಕ್ಕದ ಸಮಾಧಿ ಮೂರೂ ಕೂಡಿದರೆ ಬಹುಪಾಲು ಅದು ಒಂದೇ ಸಿಬ್ಬಂದಿ. ತಾರೀಖು ಮತ್ತು ಸ್ಮಶಾನ ಮಾತ್ರ ಕೂಡಿದರೆ ಸಾಲದು. ಜರ್ಮನಿಯ ರೈಖ್ಸ್‌ವಾಲ್ಡ್ ಸ್ಮಶಾನದಂಥ ಕಡೆಗೆ ಯುದ್ಧದ ನಂತರ ಸುತ್ತಲ ಊರುಗಳಿಂದ ಅಸ್ಥಿಗಳನ್ನು ತಂದು ಹೂತಿದ್ದಾರೆ. ಸಾಮೂಹಿಕ ಸಮಾಧಿ ಎಂದಿದ್ದರೆ ದೇಹಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಗಲಿಲ್ಲ ಎಂದರ್ಥ. ಬ್ರಿಟನ್ ಮತ್ತು ವಾಯವ್ಯ ಯುರೋಪಿನಿಂದ ಹಾರಿ ಸಮಾಧಿಯೇ ಸಿಗದ 20,000ಕ್ಕೂ ಹೆಚ್ಚು ಜನರ ಹೆಸರು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿದೆ.

ಸಿಬ್ಬಂದಿಯ ಏಳು ಹೆಸರೂ ಕೈಗೆ ಬಂದಾಗ ಅವರಲ್ಲಿ ಆಸ್ಟ್ರೇಲಿಯದವರು ಇದ್ದಾರೆಯೇ ಎಂದು ಮೊದಲು ನೋಡಿ. ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರದ ಎ705 ಸರಣಿಯಲ್ಲಿ ಅವರ ಸಾವುನೋವಿನ ಕಡತಗಳಿವೆ, ಹಲವನ್ನು ಮನೆಯಲ್ಲೇ ಕೂತು ಬಿಟ್ಟಿಯಾಗಿ ಓದಬಹುದು. ಕಡತ ಒಬ್ಬರ ಹೆಸರಿನಲ್ಲಿದ್ದರೂ ಒಳಗೆ ಇಡೀ ವಿಮಾನದ ಕಥೆಯಿರುತ್ತದೆ: ಬದುಕುಳಿದವರ ಹೇಳಿಕೆ, ಹಳ್ಳಿಯವರು ಕಂಡದ್ದು, ಯುದ್ಧದ ನಂತರ ಹುಡುಕಾಟದ ತಂಡ ಸಮಾಧಿ ತೆಗೆಸಿ ನೋಡಿದ ವರದಿ. ಬ್ರಿಟಿಷ್ ಕಡತಗಳು ಕ್ಯೂನ ನ್ಯಾಷನಲ್ ಆರ್ಕೈವ್ಸ್‌ನ ಏರ್ 81ರಲ್ಲಿ ತಾರೀಖಿನ ಕ್ರಮದಲ್ಲಿ ಹಂತಹಂತವಾಗಿ ಹೊರಬರುತ್ತಿವೆ. ಅಲ್ಲೇ ಸೆರೆಯಾದವರಿಗೆ ಡಬ್ಲ್ಯುಓ 416ರ ಜರ್ಮನ್ ಕಾರ್ಡುಗಳು, ತಪ್ಪಿಸಿಕೊಂಡು ಬಂದವರಿಗೆ ಡಬ್ಲ್ಯುಓ 208ರ ಹೇಳಿಕೆಗಳು.

ಬದುಕಿ ಬಂದವರ ಸೇವಾ ದಾಖಲೆ ತರಿಸಬಹುದು, ಆದರೆ ಅದರಲ್ಲಿ ವರ್ಗಾವಣೆಗಳಷ್ಟೇ ಇರುತ್ತವೆ, ಯಾವ ರಾತ್ರಿ ಯಾವ ವಿಮಾನ ಎಂಬುದು ಇರುವುದಿಲ್ಲ. ವರ್ಗಾವಣೆಯ ತಾರೀಖು ಹಿಡಿದು ಮತ್ತೆ 541ಕ್ಕೇ ಬರಬೇಕು. ಆ ವಿಮಾನದ ಜಾತಕ ಬೇಕಿದ್ದರೆ ಹೆಂಡನ್ ಮ್ಯೂಸಿಯಮ್ಮಿನ ಫಾರ್ಮ್ 78 ಕಾರ್ಡು, ಅಪಘಾತಕ್ಕೆ ಫಾರ್ಮ್ 1180.

ಲಾಗ್‌ಬುಕ್ಕಿನಲ್ಲಿ ಲಿಬರೇಟರ್ (ಇನ್ನೊಂದು ಭಾರಿ ಬಾಂಬರ್) ಮತ್ತು ಕೋಲಾರ ಎಂದು ಕಂಡರೆ ಅದು ನಮ್ಮ ಕೋಲಾರವೇ. ಬರ್ಮಾ ಯುದ್ಧಕ್ಕೆ ಹೋಗುವ ಭಾರಿ ಬಾಂಬರುಗಳ ಸಿಬ್ಬಂದಿಗೆ 1673ನೇ ಹೆವಿ ಕನ್ವರ್ಷನ್ ಯೂನಿಟ್ ಅಲ್ಲಿ ತರಬೇತಿ ಕೊಡುತ್ತಿತ್ತು, 358ನೇ ಸ್ಕ್ವಾಡ್ರನ್ ಹುಟ್ಟಿದ್ದೂ 1944ರ ನವೆಂಬರಿನಲ್ಲಿ ಅಲ್ಲೇ. ತರಬೇತಿ ಘಟಕಗಳ ಪುಸ್ತಕಗಳಿರುವುದು ಏರ್ 27ರಲ್ಲಲ್ಲ, ಏರ್ 29ರಲ್ಲಿ. ಬರ್ಮಾದ ಕಡೆ ಹೋಗಿ ಸಮಾಧಿಯೂ ಸಿಗದೆ ಕಣ್ಮರೆಯಾದವರ ಹೆಸರನ್ನು ರನ್ನಿಮೀಡ್‌ನಲ್ಲಿ ಹುಡುಕಬೇಡಿ, ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಕಂಬಗಳ ಮೇಲೆ ಹುಡುಕಿ.