ಮೇ ತಿಂಗಳು ದಾಟುವ ಹೂಗಿಡ

ಕಲಬುರಗಿಯಲ್ಲಿ ಹೂಗಿಡ ಕೊಳ್ಳುವ ಹುಮ್ಮಸ್ಸು ಬರುವುದು ಡಿಸೆಂಬರ್, ಜನವರಿಯಲ್ಲಿ. ನರ್ಸರಿಯಲ್ಲಿ ಆಗ ಪೆಟುನಿಯಾ, ಡೇಲಿಯಾ ಎಲ್ಲ ತುಂಬಿಕೊಂಡಿರುತ್ತವೆ. ತನ್ನಿ, ಬೇಡ ಅನ್ನಲ್ಲ. ಆದರೆ ಕಾಂಪೌಂಡ್ ಗುಂಟ ವರ್ಷಗಟ್ಟಲೆ ಇರಬೇಕಾದ ಗಿಡ ಆರಿಸುವಾಗ ಒಂದೇ ಮಾತು ಕೇಳಿ: ಇದು ಮೇ ತಿಂಗಳು ದಾಟುತ್ತಾ? 42, 43 ಡಿಗ್ರಿ ಅಂದರೆ ನಮಗೇನು ಹೊಸದಲ್ಲ. ಇಲ್ಲಿ ಗಿಡ ಸಾಯುವುದು ಚಳಿಗಲ್ಲ, ಬೇಸಿಗೆಯ ಬಿಸಿಲಿಗೆ. ಅದರಲ್ಲಿ ಉಳಿದರೆ ಮಳೆಗಾಲದಲ್ಲಿ ಎರೆಮಣ್ಣು ನೀರು ಹಿಡಿದು ಬೇರು ಕೊಳೆತು ಸಾಯುತ್ತದೆ.

ಅದಕ್ಕೇ ಮೊದಲು ಮಡಿ ಸರಿ ಮಾಡಿಕೊಳ್ಳಿ. ಎರೆಮಣ್ಣಿಗೆ ತಿಪ್ಪೆಗೊಬ್ಬರ, ಗರಸು ಸೇರಿಸಿ ನೆಲಕ್ಕಿಂತ ಒಂದು ಗೇಣು ಎತ್ತರಿಸಿ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಗಿಡವನ್ನು ಕಲ್ಲಿಗೆ ಒತ್ತಿ ನೆಡಬೇಡಿ. ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ.

ಬಿಸಿಲಿನ ಅಂಚಿಗೆ ನನ್ನ ಮೊದಲ ಆಯ್ಕೆ ನಿತ್ಯಪುಷ್ಪ. ದನ ಮೇಯಲ್ಲ, ನೀರು ಜಾಸ್ತಿ ಕೇಳಲ್ಲ, ಬೀಜ ತಾನೇ ಸಿಡಿದು ಹೊಸ ಸಸಿ ಏಳುತ್ತದೆ. ನೀರು ನಿಂತರೆ ಮಾತ್ರ ಕಾಂಡ ಕಪ್ಪಾಗಿ ಹೋಗಿಬಿಡುತ್ತದೆ. ಎರಡು ವರ್ಷಕ್ಕೆ ಬಡಕಲಾಗಿ ಉದ್ದ ಬೆಳೆದರೆ ಮೊದಲ ಮಳೆ ಬಿದ್ದಾಗ ಗೇಣುದ್ದ ಬಿಟ್ಟು ಕತ್ತರಿಸಿ. ಸಂಜೆ ಮಲ್ಲಿಗೆಯೂ ಗಟ್ಟಿ. ಮೇಲೆ ಪೂರ್ತಿ ಒಣಗಿದರೂ ಕೆಳಗೆ ಗೆಣಸಿನಂಥ ಗಡ್ಡೆ ಇರುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಸತ್ತಿತು ಅಂತ ಕಿತ್ತು ಹಾಕಬೇಡಿ. ನೀರು ನಿಲ್ಲುವ ಮೂಲೆ ಇದ್ದರೆ ಅಲ್ಲಿ ಕಾಬಾಳೆ ಹಾಕಿ, ಅದಕ್ಕೆ ಕೆಸರೇ ಇಷ್ಟ. ಹಿಂದಿನ ಸಾಲಿಗೆ ಕಣಗಿಲೆಯಷ್ಟು ಬಿಸಿಲು ತಡೆಯುವುದು ಮತ್ತೊಂದಿಲ್ಲ. ಆದರೆ ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಮನೆಯಲ್ಲಿ ಆಡು ಅಥವಾ ಸಣ್ಣ ಮಕ್ಕಳಿದ್ದರೆ ಅದರ ಸಹವಾಸ ಬೇಡ.

ನೆರಳಿನ ವಿಷಯಕ್ಕೆ ಬಂದರೆ, ಎಲ್ಲರೂ ಮೋಸಹೋಗುವುದು ಮನೆಯ ಉತ್ತರ ಬದಿಯಲ್ಲಿ. ಚಳಿಗಾಲದಲ್ಲಿ ನೋಡಿದರೆ ಅಲ್ಲಿ ಇಡೀ ದಿನ ತಂಪು. ಆದರೆ ನಮ್ಮೂರಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜನವರಿಯಲ್ಲಿ ನೆರಳು ನೋಡಿ ನೆಟ್ಟ ಗಿಡಕ್ಕೆ ಮೇ ತಿಂಗಳಲ್ಲಿ ಬಿಸಿಲು ಬಡಿಯುತ್ತದೆ. ಅಲ್ಲಿಗೆ ಎರಡಕ್ಕೂ ಒಗ್ಗುವ ನಂದಬಟ್ಟಲು ಸರಿ. ಪೂಜೆಗೂ ಆಯಿತು.

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಪಡಸಾಲೆ ಪಕ್ಕ ಕನಕಾಂಬರಕ್ಕೆ ಹೇಳಿ ಮಾಡಿಸಿದ ಜಾಗ. ಡೆಲ್ಲಿ ಕನಕಾಂಬರ ಅಂತ ಸಿಗುತ್ತದಲ್ಲ, ಅದು ಬೀಜ ಕಟ್ಟಲ್ಲ, ಕಡ್ಡಿಯಿಂದಲೇ ಮಾಡಿಕೊಳ್ಳಬೇಕು. ನೀರು ಗೊಬ್ಬರ ಕೊಟ್ಟರೂ ಗಿಡ ಹಳದಿಯಾಗಿ ಸೊರಗುತ್ತಿದ್ದರೆ ಒಂದನ್ನು ಕಿತ್ತು ಬೇರು ನೋಡಿ. ಸಣ್ಣ ಸಣ್ಣ ಗಂಟು ಕಂಡರೆ ಅದು ಜಂತುಹುಳದ ಕೆಲಸ. ಬುಡಕ್ಕೆ ಬೇವಿನ ಹಿಂಡಿ ಬೆರೆಸಿ, ಹೊಸ ಸಸಿಯನ್ನು ಬೇರೆ ಜಾಗದಲ್ಲಿ ನೆಡಿ.

ಬೇವಿನ ಮರದ ಕೆಳಗೆ ಕಷ್ಟ. ನೆರಳಿಗಿಂತ ಮರದ ಬೇರೇ ಅಲ್ಲಿ ದೊಡ್ಡ ತೊಂದರೆ, ಹಾಕಿದ ನೀರೆಲ್ಲ ಅದೇ ಕುಡಿಯುತ್ತದೆ. ಅಲ್ಲಿ ಗಡ್ಡೆ ಗಿಡವೇ ವಾಸಿ. ಸ್ಪೈಡರ್ ಲಿಲಿ ಎಲೆಯಿಂದಲೇ ಹಸಿರು ತುಂಬುತ್ತದೆ. ಫುಟ್‌ಬಾಲ್ ಲಿಲಿ ಮೇ ಹೊತ್ತಿಗೆ ಕೆಂಪು ಚೆಂಡು ಬಿಟ್ಟು, ಚಳಿಗಾಲದಲ್ಲಿ ಎಲೆ ಉದುರಿಸಿ ಮಣ್ಣಲ್ಲಿ ಮಲಗುತ್ತದೆ. ಗಡ್ಡೆ ಇರುವ ಜಾಗಕ್ಕೆ ಒಂದು ಕಡ್ಡಿ ಚುಚ್ಚಿಡಿ, ಇಲ್ಲದಿದ್ದರೆ ಸಲಿಕೆ ಹಾಕಿ ಸೀಳಿಬಿಡುತ್ತೀರಿ.

ಜನವರಿಯಲ್ಲಿ ತೊಗರಿ ರಾಶಿ ಮುಗಿದಾಗ ಪರಿಚಯದ ರೈತರಿಂದ ಒಂದು ಚೀಲ ಹೊಟ್ಟು ತರಿಸಿ. ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗಿಸಬೇಡಿ. ಎರೆಮಣ್ಣು ಬಿರುಕು ಬಿಡುವುದು ಕಡಿಮೆಯಾಗುತ್ತದೆ, ದಿನಾ ನೀರು ಹೊರುವುದೂ ತಪ್ಪುತ್ತದೆ. ನೆಡುವ ಕೆಲಸ ಮಾತ್ರ ಮಳೆ ಹಿಡಿದ ಮೇಲೆ, ಜುಲೈನಲ್ಲಿ ಇಟ್ಟುಕೊಳ್ಳಿ.