ಕರಿ ಕಾರ್ಡಿನ ಮೇಲೆ ಕಸೂತಿ ಪಲ್ಲಕ್ಕಿ

ಧಾರವಾಡದ ನಮ್ಮ ಮನೆತನದಲ್ಲಿ ಲಗ್ನಪತ್ರಿಕೆ ಅಚ್ಚಾಗಿ ಬಂದರೆ ಮೊದಲು ದೇವರ ಮುಂದೆ ಇಡಬೇಕು, ಅರಿಷಿಣ ಕುಂಕುಮ ಹಚ್ಚಬೇಕು, ಆಮೇಲೆ ಮನೆಮನೆಗೆ ಹೋಗಿ ಕೊಡಬೇಕು. ಇಷ್ಟಿರುವಾಗ ‘ಸೇವ್ ದ ಡೇಟ್’ ಅಂತ ಇನ್ನೊಂದು ಕಾರ್ಡು ಯಾಕೆ ಎಂದು ಮೊದಲು ಕೇಳಿದವಳು ನಾನೇ. ತಂಗಿಯ ಮಗಳ ನಿಶ್ಚಯ ಮುಗಿದು, ಮೇ ತಿಂಗಳಿಗೆ ಕಲ್ಯಾಣ ಮಂಟಪ ಹಿಡಿದಾದ ಮೇಲೆ ಅದರ ಗರಜು ತಿಳಿಯಿತು. ನೆಂಟರಲ್ಲಿ ಅರ್ಧಕ್ಕರ್ಧ ಪುಣೆ, ಬೆಂಗಳೂರು, ಹೈದರಾಬಾದಿನವರು. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಬೇಸಿಗೆ ರಜೆಯಲ್ಲಿ ಬುಕಿಂಗ್ ತೆರೆದ ದಿನವೇ ಕೂತು ಟಿಕೆಟ್ ಮಾಡಿಸದಿದ್ದರೆ ವೇಟಿಂಗ್ ಲಿಸ್ಟೇ ಗತಿ. ಪತ್ರಿಕೆ ಅವರ ಕೈಗೆ ಹೋಗುವ ಹೊತ್ತಿಗೆ ಆ ದಿನ ಎಂದೋ ದಾಟಿರುತ್ತದೆ. ಹಾಗಾಗಿ ಮೂರು ತಿಂಗಳು ಮೊದಲೇ ತಾರೀಖು, ಊರು ಎರಡನ್ನೇ ಹೇಳುವ ಚಿಕ್ಕ ಕಾರ್ಡು ಬೇಕಾಯಿತು.

ಮದುಮಗಳ ಮನಸ್ಸು ಬೀಜದ ಕಾಗದದ ಮೇಲಿತ್ತು. ಹಳೆ ಕಾಗದ ನೆನೆಸಿ ರುಬ್ಬಿ, ತುಳಸಿಯದೋ ದಂಟಿನದೋ ಬೀಜ ಕಲಸಿ ಜಾಲರಿಯ ಮೇಲೆ ಹರವುವುದು. ಚಂದವೇನೋ ಹೌದು. ಆದರೆ ಹಾಳೆ ಬೇಗ ಒಣಗದಿದ್ದರೆ ಬೀಜ ಅಲ್ಲೇ ಮೊಳಕೆ ಒಡೆಯುತ್ತದೆ, ಒಣಗಿದ ಮೇಲೂ ಮೇಲ್ಮೈ ಒರಟಾಗಿ ಅಕ್ಷರ ಹರಡುತ್ತದೆ. ಜೊತೆಗೆ, ಲಗ್ನದ ತನಕ ಗೋಡೆಗೆ ಸಿಕ್ಕಿಸಿಟ್ಟುಕೊಳ್ಳಬೇಕಾದ ಕಾರ್ಡನ್ನು ಮಣ್ಣಿಗೆ ಹಾಕಿ ಎಂದು ಹೇಳುವುದು ನನಗೆ ಸರಿ ಕಾಣಲಿಲ್ಲ. ನನ್ನ ಕೈಗೆ ಪಳಗಿದ್ದು ಕಸೂತಿ. ಅದನ್ನೇ ಕಾಗದದ ಮೇಲೆ ಹಾಕೋಣ ಎಂದೆ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಕಾರ್ಡಿಗೆ ಹೇಳಿಮಾಡಿಸಿದ್ದು ಗವಂತಿ. ಹೋಗುವಾಗ ಒಂದು ಮನೆ ಬಿಟ್ಟು ಒಂದು ಹೊಲಿಗೆ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಮನೆಗಳನ್ನು ತುಂಬುವುದು. ಮುಗಿದಾಗ ಹಿಂದೆ ಮುಂದೆ ಒಂದೇ ಚಿತ್ತಾರ. ಹಿಂಬದಿ ಮುಚ್ಚಲು ಇನ್ನೊಂದು ಹಾಳೆ ಅಂಟಿಸುವ ಕೆಲಸವೇ ಇಲ್ಲ. ದಾರವನ್ನು ಒಂದರ ಮೇಲೊಂದು ಅಡ್ಡ ದಾಟಿಸಿ ಹಾಕುವ ಮೆಂತಿ ತುಂಬಿಕೊಂಡು ಕಾಣುತ್ತದೆ ನಿಜ, ಆದರೆ ದಾರ ಬಹಳ ತಿನ್ನುತ್ತದೆ, ಹಿಂಬದಿಯೂ ಅಷ್ಟು ಅಚ್ಚುಕಟ್ಟಲ್ಲ.

ಕಾರ್ಡಿಗೆ ಕರಿ ಬಣ್ಣ ಎಂದಾಗ ನಮ್ಮ ಕಾಕು ಹುಬ್ಬು ಗಂಟಿಕ್ಕಿದರು. “ಶುಭಕಾರ್ಯಕ್ಕ ಕರೀ ಕಾಗದ ಏನ?” ಎಂದರು. “ನಿಮ್ಮ ಲಗ್ನದಾಗ ಉಟ್ಟ ಚಂದ್ರಕಾಳಿ ಯಾವ ಬಣ್ಣದ್ದಿತ್ರಿ ಕಾಕು?” ಎಂದೆ. ಮದುಮಗಳಿಗೆ ಕಸೂತಿ ಹಾಕಿದ ಕರಿ ರೇಷ್ಮೆಯ ಚಂದ್ರಕಾಳಿ ಉಡಿಸುವುದು ಈ ಸೀಮೆಯ ಹಳೆ ರೂಢಿ, ಅದರ ಮುಂದೆ ಅವರಿಗೆ ಮಾತಿರಲಿಲ್ಲ. ಚಿತ್ತಾರ ಆರಿಸುವಾಗ ಮಾತ್ರ ಸೇಡು ತೀರಿಸಿಕೊಂಡರು: “ತೊಟ್ಟಲಾ ಹಾಕು, ಒಂದ ಖರ್ಚಿನಾಗ ಎರಡೂ ಆಗ್ತಾವು.” ಮದುಮಗಳು ಕಣ್ಣು ಕೆಕ್ಕರಿಸಿದಳು. ಆನೆಗೆ ತಿರುವು ಬಹಳ, ಗೋಪುರ ಕಾರ್ಡಿನ ತುಂಬ ನಿಂತುಬಿಡುತ್ತದೆ. ಕಡೆಗೆ ಪಲ್ಲಕ್ಕಿ ಗೆದ್ದಿತು.

ಬಟ್ಟೆಯ ಮೇಲಾದರೆ ಎಳೆ ಎಣಿಸಿ ಹಾಕುತ್ತೇವೆ, ಗುರುತು ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಕಾಗದಕ್ಕೆ ಎಳೆಯಿಲ್ಲ, ಮೊದಲು ತೂತು ಮಾಡಿಕೊಳ್ಳಲೇಬೇಕು. 3 ಮಿಲಿಮೀಟರ್ ಚೌಕದ ಗ್ರಾಫ್ ಪ್ರಿಂಟ್ ತೆಗೆಸಿ, ಅದರ ಮೇಲೆ ಪಲ್ಲಕ್ಕಿ ಬರೆದು, ಎರಡು ಕಾರ್ಡಿನ ಮೇಲಿಟ್ಟು ಕ್ಲಿಪ್ ಹಾಕಿ, ಕೆಳಗೆ ಥರ್ಮೋಕೋಲ್ ಇಟ್ಟು ಸೂಜಿಯಿಂದ ಚುಚ್ಚಿದೆ. ಚೌಕ 2 ಮಿಲಿಮೀಟರಿಗೆ ಇಳಿದರೆ ತೂತಿನಿಂದ ತೂತಿಗೆ ಕಾಗದ ಹರಿಯುತ್ತದೆ. ಕಾಗದ ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು, ಅಂದರೆ 300 ಜಿಎಸ್‌ಎಂ ಇರಲಿ, ತೆಳುವಾದರೆ ದಾರ ಎಳೆದಾಗ ಮುದುಡುತ್ತದೆ.

ಆರು ಎಳೆಯ ಕಸೂತಿ ದಾರದಲ್ಲಿ ಎರಡೇ ಎಳೆ ಬಿಡಿಸಿಕೊಳ್ಳಿ. ಒಂದು ಲಡಿ 8 ಮೀಟರ್, ಎರಡೆರಡಾಗಿ ಬಿಡಿಸಿದರೆ 24 ಮೀಟರ್. ನನ್ನ ಪಲ್ಲಕ್ಕಿಗೆ ಮೀಟರಿಗಿಂತ ತುಸು ಹೆಚ್ಚು ಹಿಡಿಯಿತು, ಅಂದರೆ ಒಂದು ಲಡಿಗೆ ಇಪ್ಪತ್ತರ ಹತ್ತಿರ ಕಾರ್ಡು. ದಾರವನ್ನು ಒಂದೇ ಉದ್ದಕ್ಕೆ ಪೋಣಿಸಬೇಡಿ, ಕಾಗದದ ಅಂಚು ಉಜ್ಜಿ ನಾರು ಏಳುತ್ತದೆ. ಎರಡು ತುಂಡು ಮಾಡಿಕೊಳ್ಳುವುದು ಒಳ್ಳೆಯದು. ಮೊಂಡು ಮೂತಿಯ ಸೂಜಿಯಾದರೆ ಮರಳಿ ಬರುವಾಗ ಮೊದಲ ಹೊಲಿಗೆಯ ದಾರವನ್ನು ಸೀಳುವುದಿಲ್ಲ. ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಮೂರು ನಾಲ್ಕು ಹೊಲಿಗೆಯ ಕೆಳಗೆ ತೂರಿಸಿ ಕತ್ತರಿಸುವುದು. ಪಲ್ಲಕ್ಕಿಯ ಗೊಂಡೆ, ಕಾಲುಗಳಂಥ ಕವಲನ್ನು ಅಲ್ಲಲ್ಲೇ ಹೋಗಿ ಬಂದು ಮುಗಿಸಿಕೊಂಡೇ ಮುಂದೆ ನಡೆಯಬೇಕು, ಇಲ್ಲದಿದ್ದರೆ ದಾರ ಮರಳುವ ದಾರಿ ತಪ್ಪುತ್ತದೆ. ಬಾಗಿದ ದಂಡಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ, ಮುರ್ಗಿಯ ರೀತಿ ಏರಿಸಿ ಇಳಿಸಿದೆ.

ತಾರೀಖನ್ನೂ ದಾರದಲ್ಲೇ ಬರೆಯುವ ಆಸೆಯಿತ್ತು. ಗ್ರಾಫಿನ ಮೇಲೆ ನೋಡಿದರೆ ಎರಡು ತೊಡಕು. ಕನ್ನಡ ಅಂಕಿಗಳೆಲ್ಲ ದುಂಡು, ನೆಟ್ಟಗಿನ ಗೆರೆಗೆ ಕೂರುವುದಿಲ್ಲ. ೧ ಮತ್ತು ೦ ಎರಡೂ ಡಬ್ಬಿಯಾಗಿ ಒಂದೇ ಥರ ಕಾಣುತ್ತವೆ, ನೆಂಟರು ತಪ್ಪು ದಿನ ಬಂದಿಳಿದರೆ ಯಾರು ಹೊಣೆ? ಇನ್ನೊಂದು, ಗವಂತಿಯಲ್ಲಿ ಯಾವ ಅಂಕಿಯಾದರೂ ಹಿಂಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಪಲ್ಲಕ್ಕಿಗೆ ಎಡಬಲ ಎರಡೂ ಒಂದೇ, ಅಂಕಿಗೆ ಹಾಗಲ್ಲ. ಅದಕ್ಕೆ ಕೆಳಗೆ ಬಿಳಿ ಜೆಲ್ ಪೆನ್ನಿನಲ್ಲಿ ಕೈಯಿಂದಲೇ ಬರೆದೆವು: ಇಬ್ಬರ ಹೆಸರು, ತಾರೀಖು, ವಾರ, ‘ಧಾರವಾಡ’. ಮುಹೂರ್ತದ ಗಳಿಗೆ, ಮಂಟಪದ ವಿಳಾಸ, ಆಗಮನಾಭಿಲಾಷಿಗಳ ಪಟ್ಟಿ ಎಲ್ಲ ಪತ್ರಿಕೆಯ ಪಾಲು. ಆದರೆ ಒಂದು ಸಾಲು ಬಿಡುವಂತಿಲ್ಲ: ‘ಪತ್ರಿಕೆ ಕೊಡಲು ನಾವೇ ಬರುತ್ತೇವೆ.’ ಅದಿಲ್ಲದಿದ್ದರೆ, ಅಂಚೆಯಲ್ಲೇ ಕರೆದು ಕೈತೊಳೆದುಕೊಂಡರು ಎಂದು ಹಿರಿಯರು ಮುನಿಸಿಕೊಳ್ಳುವುದು ಖಂಡಿತ.

ಊರೊಳಗಿನವರಿಗೆ ಈ ಕಾರ್ಡು ಕಳಿಸಲೇ ಇಲ್ಲ. ಅವರು ರೈಲು ಹಿಡಿಯಬೇಕಿಲ್ಲ, ಪತ್ರಿಕೆ ಸಾಕು. ಇದರಿಂದ ಕೆಲಸ ಅರ್ಧಕ್ಕಿಳಿಯಿತು. ಕೈಕೆಲಸದ ಕಾರ್ಡು ಮಾಡುವವರು ಮೊದಲು ಪಟ್ಟಿ ಕತ್ತರಿಸಬೇಕು, ಕಾಗದ ಆಮೇಲೆ.

ಲಕೋಟೆ ಸಾದಾ ಕಂದು ಬಣ್ಣದ್ದು. ಮುಚ್ಚುವ ಮಡಿಕೆಗೆ ದರ್ಜಿಯ ಹತ್ತಿರ ಉಳಿದ ಗುಳೇದಗುಡ್ಡ ಖಣದ ಪಟ್ಟಿ ಅಂಟಿಸಿದೆ. ನೀರಾದ ಅಂಟು ಹಚ್ಚಿದರೆ ಖಣದ ಬಣ್ಣ ಮಂಕಾಗುತ್ತದೆ, ಗ್ಲೂ ಸ್ಟಿಕ್ ವಾಸಿ. ಎ6 ಅಳತೆಯ ಕಾರ್ಡು 5 ಗ್ರಾಂ ಕೂಡ ಇರುವುದಿಲ್ಲ, ಲಕೋಟೆ ಖಣ ಸೇರಿದರೂ 20 ಗ್ರಾಮಿನೊಳಗೇ, 5 ರೂಪಾಯಿ ಅಂಚೆಚೀಟಿಗೆ ಹೋಗುತ್ತದೆ. ಮಣಿ, ಕನ್ನಡಿ, ಗೆಜ್ಜೆ ಅಂಟಿಸುವ ಹುಮ್ಮಸ್ಸು ಬಂದರೆ ತಡೆದುಕೊಳ್ಳಿ, ಸೀಲು ಬೀಳುವ ಕಡೆ ಉಬ್ಬಿದ್ದರೆ ಲಕೋಟೆ ಹರಿಯುತ್ತದೆ. ನೀಲಿ ಇನ್‌ಲ್ಯಾಂಡ್ ಪತ್ರ 2 ರೂಪಾಯಿ 50 ಪೈಸೆಗೇ ಸಿಗುತ್ತದಾದರೂ ಅದರೊಳಗೆ ಏನನ್ನೂ ಇಟ್ಟು ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮದುಮಗಳ ಸೋದರಮಾವನಿಗೆ ಕಾರ್ಡಿನ ಎರಡೂ ಬದಿಯ ಫೋಟೊ ವಾಟ್ಸ್ಆ್ಯಪಿನಲ್ಲಿ ಹೋಯಿತು. ಕಿಟಕಿಯ ಪಕ್ಕ, ಫ್ಲಾಶ್ ಇಲ್ಲದೆ ತೆಗೆದರೆ ದಾರದ ಹೊಳಪು ಕಾಣುತ್ತದೆ.